ಗ್ವಾಡಿ ದಾಟಿದ ಕಟ್ಟಿಗಿ ಪುಡಿ

ಆ ವರ್ಷ ದಿನಾ ಮುಂಜಾನೆ ಮಷೀನ್ ಚಾಲೂ ಮಾಡೂಕಿಂತ ಮೊದ್ಲ ನನಗ ಒಂದು ಕೆಲಸ ಇತ್ತು. ಒಂದು ಸ್ಟೀಲ್ ತಾಟಿಗೆ ಬೆರಳಿಲೆ ಕುಸುಬಿ ಎಣ್ಣಿ ಸವರಿ, ಗ್ವಾಡಿ ಆಚಿ ಕಡೆ ಇದ್ದ ನಮ್ಮಕ್ಕನ ಖಾನಾವಳ್ಯಾಗ ನೀರಿನ ಕೊಡದ ಮ್ಯಾಲಿನ ಹಲಗಿಗೆ ಇಟ್ಟು ಬರೂದು. ಮಧ್ಯಾಹ್ನ ಉಣ್ಣೂ ಹೊತ್ತಿಗೆ ಹೋಗಿ ಅದರ ಮ್ಯಾಲೆ ಬಟ್ಟು ಆಡಿಸಿ ನೋಡೂದು. ಜ್ವಾಳದ ಹಿಟ್ಟು ಬೆಳ್ಳಗ ಇರತೈತಿ, ನನ್ನ ಬೋರ್ಡಿನ ಪುಡಿ ಬಿಸ್ಕೀಟ್ ಬಣ್ಣ. ಹಂಗಾಗಿ ಮೋಸ ಹೋಗೂ ಮಾತ ಇಲ್ಲ. ಮೊದಮೊದ್ಲ ದಿನಾ ಬೆರಳಿಗೆ ಬಿಸ್ಕೀಟ್ ಬಣ್ಣ ಹತ್ತತಿತ್ತು. ದಿನಾ ನನ್ನ ಜೀವ ಕಳಕ್ ಅಂತಿತ್ತು.

ನಂದು ಬಡಿಗತನ. ಗಂಗಾವತ್ಯಾಗ ಕನಕಗಿರಿ ರಸ್ತಾಕ್ಕ ಹೊಂದಿ ಒಂದು ಉದ್ದಾನ ತಗಡಿನ ಪತ್ರಾಸ್ ಶೆಡ್ಡು. ಅರ್ಧ ನನ್ನ ವರ್ಕ್‌ಶಾಪು, ಅರ್ಧ ಅಕ್ಕನ ಖಾನಾವಳಿ, ನಡುವ ಒಂದು ಇಟ್ಟಂಗಿ ಗ್ವಾಡಿ. ಆ ಗ್ವಾಡಿಗೂ ಪತ್ರಾಸಿಗೂ ನಡುವ ಮೊಳದಷ್ಟು ಸಂದು. ಕಟ್ಟೂ ಮುಂದ ಗಾಳಿ ಆಡ್ಲಿ ಅಂತ ನಾನ ಬಿಡಿಸಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಲಿ.

ಅಕ್ಕನ್ನ ಹುಲಿಹೈದರಕ್ಕ ಕೊಟ್ಟಿದ್ವಿ. ಭಾವ ತೀರಿಕೊಂಡ ಮ್ಯಾಲೆ ಆಕಿ ನವಲಿಗೆ, ನಮ್ಮ ಮನಿಗೆ, ತಿರುಗಿ ಬರಲಿಲ್ಲ. "ತವರಮನ್ಯಾಗ ಕುಂತು ಉಣ್ಣಾಕಿ ಅಲ್ಲ ನಾ" ಅಂತ ಖಾನಾವಳಿ ಹಾಕಿದ್ಲು. ನನ್ನನ್ನ ಎತ್ತಿ ಆಡಿಸಿದಾಕಿ, ನನ್ನ ಕಡೆ ಏನಂದ್ರ ಏನೂ ತಗೊಳ್ಳಾಕಿ ಅಲ್ಲ. ಪಂಚಮಿಗೆ ಸೀರಿ ಒಯ್ದ್ರ "ನಿನ್ನ ಹೇಂತಿಗೆ ಉಡಸು ಹೋಗು" ಅಂತ ತಿರುಗಿ ಕಳಸಾಕಿ. ಆಕಿ ತಗೊಂತಿದ್ದದ್ದು ಒಂದ ಒಂದು: ಒಲಿಗೆ ಹಾಕಾಕ ನನ್ನ ಗರಗಸದ ಪುಡಿ. ದಿನಾ ಸಂಜಿಕ ಒಂದು ಚೀಲ ಹೊತ್ಕೊಂಡು ಹೋಗಿ ಅಡಗಿ ಮನಿ ಬಾಗಲದಾಗ ಇಳಿಸಿ ಬರತಿದ್ದೆ. ಉಣ್ಣಾಕ ಬಂದ ಲಾರಿ ಡ್ರೈವರಗೋಳಿಗೆ ಅಕ್ಕ ಒಲಿ ತೋರಿಸಿ "ಇದು ತವರಮನಿ ಬೆಂಕಿ ರೀ, ರೊಟ್ಟಿ ಸೀಯೂದಿಲ್ಲ" ಅಂತಿದ್ಲು.

ಹೊಟ್ಟಿನ ಒಲಿ ಈಗಿನವ್ರಿಗೆ ಗೊತ್ತಿರಲಿಕ್ಕಿಲ್ಲ. ಒಂದು ತಗಡಿನ ಡಬ್ಬಿ, ಕೆಳಗ ಬದಿಗೆ ಒಂದು ತೂತು. ಆ ತೂತಿನಾಗ ಒಂದು ಗೂಟ ಅಡ್ಡ ಹಾಕಿ, ನಡುವ ಇನ್ನೊಂದು ಗೂಟ ನೆಟ್ಟಗ ನಿಂದ್ರಿಸಿ, ಸುತ್ತ ಪುಡಿ ಸುರುವಿ ಮುಷ್ಟಿಲೆ ಬಡದು ಬಡದು ಗಟ್ಟಿ ತುಂಬಬೇಕು. ಆಮ್ಯಾಲೆ ಗೂಟ ಎರಡೂ ಮೆಲ್ಲಕ ಎಳದ್ರ ಗಾಳಿಗೆ ದಾರಿ ಆಗತೈತಿ. ಕೆಳಗ ಬೆಂಕಿ ಹಚ್ಚಿದ್ರ ನಾಕೈದು ತಾಸು ಹೊಗಿ ಇಲ್ದ ಉರಿತೈತಿ. ಗಂಗಾವತ್ಯಾಗ ಭತ್ತದ ಹೊಟ್ಟಿಗೇನು ಬರ ಇಲ್ಲ, ಆದ್ರ ಅದು ಮುಷ್ಟಿಗೆ ಕೂಡೂದಿಲ್ಲ, ಗೂಟ ಎಳದ ಕೂಡ್ಲೆ ಕುಸೀತೈತಿ. ಕಟ್ಟಿಗಿ ಪುಡಿ ಹಂಗಲ್ಲ. ಎಷ್ಟು ಸಣ್ಣ ಇರತೈತಿ ಅಷ್ಟು ಗಚ್ಚಾಗಿ ಕುಂದ್ರತೈತಿ, ಅಷ್ಟು ಹೊತ್ತು ಉರಿತೈತಿ.

ಕೊಪ್ಪಳ ಜಿಲ್ಲಾ ಆಗಿ ಹತ್ತು ಹನ್ನೆರಡು ವರ್ಷ ಆಗಿರಬೇಕು, ಹನುಮನಹಳ್ಳಿ ಕಡೆ ಒಂದು ಗೆಸ್ಟ್‌ಹೌಸಿನವ್ರು ಕಪಾಟು ಮಾಡಾಕ ಹೇಳಿದ್ರು. ಎಲ್ಲಾ ಎಂಡಿಎಫ್ ಬೋರ್ಡಿಂದ. ಅಲ್ಲಿತನಕ ನಾ ಕೊಯ್ದಿದ್ದು ಬೇವು, ಮತ್ತಿ, ಸಾಗವಾನಿ. ಅವುನ್ನ ಕೊಯ್ಯೂ ಮುಂದ ಪುಡಿ ರವಾದಂಗ ಬೀಳತೈತಿ, ಕಸಬರಿಗಿಲೆ ಬಳದ್ರ ಮುಗೀತು. ಈ ಬೋರ್ಡು ಅಂದ್ರ ಮೊದಲ ಪುಡಿ ಮಾಡಿ ಅಂಟು ಹಾಕಿ ಒತ್ತಿದ್ದು. ಬ್ಲೇಡ್ ಮುಟ್ಟಿದ್ರ ಮೈದಾ. ಬೀಳೂದಿಲ್ಲ, ತೇಲತೈತಿ.

ಅಕ್ಕ ರೊಟ್ಟಿ ಬಡಿಯೂ ಸಪ್ಪಳ ನನಗ ಗಡಿಯಾರ ಇದ್ದಂಗ. ಮಷೀನ್ ಬಂದ್ ಮಾಡಿದ್ರ ಸಾಕು, ಗ್ವಾಡಿ ಆಚಿಂದ ಟಪ್ ಟಪ್ ಅಂತ ಒಂದ ತಾಳದಾಗ ಕೇಳತಿತ್ತು. ಬೋರ್ಡಿನ ಕೆಲಸ ಹಿಡದು ತಿಂಗಳಾಗಿತ್ತೋ ಇಲ್ಲೋ, ಆ ತಾಳ ನಡುವ ನಿಂತು ಕೆಮ್ಮು ಬಂತು. ಮತ್ತ ಟಪ್ ಟಪ್, ಮತ್ತ ಕೆಮ್ಮು. ನೋಡ್ತ ನೋಡ್ತ ಒಂದು ರೊಟ್ಟಿ ಮುಗಿಯೂದ್ರಾಗ ಎರಡು ಸಲ ನಿಂದ್ರಾಕ ಹತ್ತಿದ್ಲು.

"ಯಕ್ಕಾ, ನನ್ನ ಪುಡಿ ಬರತೈತೇನ ನಿನ್ನ ಕಡೆ?"

"ಬಂದ್ರ ಬರ್ಲಿ ಬಿಡೊ. ಬಡಿಗ್ಯಾನ ಅಕ್ಕ ಅಂದ ಮ್ಯಾಲೆ ಪುಡಿ ಬರಲಾರ್ದ ಬಂಗಾರ ಬರತೈತೇನು?"

ನಗಾಕ ಹೋಗಿ ಕೆಮ್ಮಿದ್ಲು. ಕೆಮ್ಮಿ ಕೆಮ್ಮಿ ಕಣ್ಣಾಗ ನೀರು ಬಂತು. ಅವತ್ತ ನಾ ತಾಟಿಗೆ ಎಣ್ಣಿ ಹಚ್ಚಿದ್ದು.

ಮೊದ್ಲ ಮಾಡಿದ್ದು ಯಾರಿಗಾದ್ರೂ ತಿಳಿಯೂವಂಥಾದ್ದು. ನೆಲಕ್ಕ ನೀರು ಹೊಡದೆ. ಗ್ವಾಡಿ ಮ್ಯಾಲಿನ ಸಂದಿಗೆ ಹಸಿ ಗೋಣಿ ಜೋತು ಬಿಟ್ಟೆ. ಗಂಗಾವತಿ ಬ್ಯಾಸಗಿಗೆ ಆ ಗೋಣಿ ಒಂದು ತಾಸಿನ್ಯಾಗ ಒಣಗಿ ಕಟಕಟಿ ಆಗತಿತ್ತು. ಒಣಗಿದ ಮ್ಯಾಲೆ ಅದರಾಗ ಕುಂತಿದ್ದ ಪುಡೀನೂ ಗಾಳಿಗೆ ಉದರತಿತ್ತು. ನೆಲದ ನೀರು ತಾಗಿ ಎರಡು ಬೋರ್ಡಿನ ಅಂಚು ಉಬ್ಬಿ ಹಪ್ಪಳ ಆದ್ವು. ತಾಟು ನೋಡಿದ್ರ ನಿನ್ನಿಕಿಂತ ಜಾಸ್ತಿ.

ಎರಡನೇದು, ಮಷೀನಿನ ಹೊಟ್ಟಿ ಮುಚ್ಚಿದೆ. ಟೇಬಲ್ ಗರಗಸದ ಬ್ಲೇಡು ಅರ್ಧ ಮ್ಯಾಲೆ, ಅರ್ಧ ಕೆಳಗ ಇರತೈತಿ. ಮುಕ್ಕಾಲು ಪಾಲು ಪುಡಿ ಕೆಳಗ ಉಗಳತೈತಿ. ಕೆಳಗ ಸುತ್ತೂ ಪ್ಲೈವುಡ್ ಹೊಡದು, ಒಳಗ ಇಳಕಲಾಗಿ ಹಲಗಿ ಕೂಡಿಸಿ, ಬುಡದಾಗ ಒಂದು ಬಾಗಲಾ ಬಿಟ್ಟೆ. ಭಾಳ ಶಾಣ್ಯಾ ಅನ್ಕೊಂಡೆ ನನ್ನನ್ನ ನಾನ. ಮೂರನೇ ದಿನ ಸುಟ್ಟ ವಾಸನಿ ಬಂತು. ಮೋಟರನ್ನೂ ಡಬ್ಬಿ ಒಳಗ ಹಾಕಿ ಮುಚ್ಚಿದ್ದೆ. ಅದು ಉಸಿರಾಡಾಕ ಗಾಳಿ ಇಲ್ದ, ಪುಡಿ ನುಂಗಿ, ವೈಂಡಿಂಗ್ ಸುಟ್ಕೊಂಡು ಕುಂತಿತ್ತು. ಮೋಟರ್ ಹೊರಗ ತಗದು ಬೆಲ್ಟ್ ಹಾಕೂತನಕ ಎಂಟು ದಿನ ಹೋತು. ಆ ಎಂಟು ದಿನದಾಗ ಗೆಸ್ಟ್‌ಹೌಸಿನವ್ರು ಎರಡು ಸಲ ಮನಿಷ್ಯಾನ್ನ ಕಳಿಸಿದ್ರು.

ಮೂರನೇದು ಬ್ಲೋವರ್. ರೈಸ್ ಮಿಲ್ಲಿನ ಗುಜರಿ ಒಳಗ ಒಂದು ಹಳೇದು ಸಿಕ್ತು. ಡಬ್ಬಿ ಬುಡದಿಂದ ಆರಿಂಚಿನ ಪ್ಲಾಸ್ಟಿಕ್ ಪೈಪು, ಪೈಪಿನಿಂದ ಬ್ಲೋವರಿಗೆ, ಬ್ಲೋವರಿನ ಬಾಯಿಗೆ ಅಂಗಿ ಬಟ್ಟಿದು ಒಂದು ಆಳೆತ್ತರ ಚೀಲ. ಚಾಲೂ ಮಾಡಿದ ಕೂಡ್ಲೆ ಚೀಲ ಉಬ್ಬಿ ನಿಂತ್ಕೊಂತು. ನೆಲ ನೋಡಿದ್ರ ಸ್ವಚ್ಛ! ಕುಣಿಯೂದೊಂದ ಬಾಕಿ. ಮಧ್ಯಾಹ್ನ ತಾಟು ನೋಡಾಕ ಹೋದೆ. ಬಿಸ್ಕೀಟ್ ಬಣ್ಣ. ಅದೂ ಎಷ್ಟು ಸಣ್ಣ ಅಂದ್ರ ಬೆರಳಿಗೆ ಉಜ್ಜಿದ್ರ ಗೊತ್ತ ಆಗೂದಿಲ್ಲ, ಎಣ್ಣಿ ಮಾತ್ರ ಮಸುಕಾಗಿತ್ತು. ತಾಟು ಹಿಡಕೊಂಡು ಅಲ್ಲೇ ಕುಕ್ಕರಗಾಲಿಲೆ ಕುಂತೆ. ಅಕ್ಕ ನನಗ ರೊಟ್ಟಿ ಹಾಕಾಕ ಬಂದ್ಲು. ಎರಡು ಹೆಜ್ಜಿಗೆ ಗ್ವಾಡಿ ಹಿಡದು ನಿಂತ್ಲು.

"ನೀ ಉಣ್ಣೊ, ನನ್ನ ಮಾರಿ ಏನ ನೋಡ್ತಿ," ಅಂದ್ಲು. ಮಾತಿನ ನಡುವ ಎರಡು ಸಲ ಉಸಿರು ತಗೊಂಡ್ಲು.

ಮರುದಿನ ಮಿಲ್ಲಿಗೆ ಹೋಗಿ ಅಲ್ಲಿನ ಫಿಟ್ಟರನ್ನ ಕೈ ಹಿಡದು ಕರಕೊಂಡು ಬಂದೆ. ಆಂಧ್ರದವ್ರ ಕ್ಯಾಂಪಿನ ಕಡ್ಯಾವ್ರು, ವಯಸ್ಸಾದವ್ರು, ಕನ್ನಡದಾಗ ತೆಲುಗು ಬೆರಸಿ ಮಾತಾಡವ್ರು. ಚೀಲದ ಸುತ್ತ ಒಂದು ಸುತ್ತು ಹಾಕಿ ಪತ್ರಾಸಿನ ತೂತಿನಿಂದ ಬೀಳೂ ಬಿಸಲಿನ ಕೋಲು ತೋರಿಸಿದ್ರು. ಅದರ ತುಂಬ ಪುಡಿ ಕುಣ್ಯಾಕ ಹತ್ತಿತ್ತು.

"ಅಯ್ಯೋ ರಾಮಾ! ಇದು ಚೀಲ ಅಲ್ರಿ, ಜರಡಿ. ದಪ್ಪಂದು ಹಿಡಕೊಂಡು ಸಣ್ಣಂದೆಲ್ಲಾ ಊರಿಗೆ ಹಂಚಾಕ ಹತ್ತೀರಿ ನೀವು."

"ಸಣ್ಣಂದು ಹಿಡಿಯೂದು ಹೆಂಗ್ರಿ?"

"ಮಿಲ್ಲಿನಾಗ ತೌಡು ಹೆಂಗ ಹಿಡೀತೀವಿ, ಹಂಗ. ಗಾಳೀನ ಮೊದ್ಲ ಗಿರಗಿರ ತಿರಗಿಸ್ಬೇಕ್ರಿ. ಆಮ್ಯಾಲೆ ಚೀಲ. ಚೀಲ ಹೊರಗ ಇರ್ಬೇಕು, ಒಳಗಲ್ಲ."

ಅವ್ರು ಹೇಳಿದಂಗ ತಗಡಿನ ಸೈಕ್ಲೋನ್ ಕಟ್ಟಿದ್ವಿ. ಮ್ಯಾಲೆ ಅಗಲ, ಕೆಳಗ ಸಣ್ಣ, ದೊಡ್ಡದೊಂದು ಲಾಳಿಕಿ ಇದ್ದಂಗ. ಗಾಳಿ ಬದಿಲಿಂದ ಒಳಗ ಹೊಕ್ಕು ಸುತ್ತತೈತಿ, ತೂಕದ ಪುಡಿ ಕೆಳಗಿನ ಡ್ರಮ್ಮಿಗೆ ಬೀಳತೈತಿ, ಸಣ್ಣಂದು ಮ್ಯಾಲಿನ ಪೈಪಿನಿಂದ ಹಿತ್ತಲದಾಗ ಕಟ್ಟಿದ ದಪ್ಪ ಬಟ್ಟಿ ಚೀಲಕ್ಕ ಹೋಗತೈತಿ. ಹೇಳಾಕ ಇಷ್ಟ. ಮಾಡಿದ ದಿನ ಡ್ರಮ್ಮಿನಾಗ ಒಂದು ಮುಷ್ಟಿ ಪುಡಿ ಸೈತ ನಿಂದ್ರಲಿಲ್ಲ. ಫಿಟ್ಟರು ಊದಿನಕಡ್ಡಿ ಹಚ್ಚಿ ಒಂದೊಂದ ಜಾಯಿಂಟಿಗೆ ಹಿಡದ್ರು. ಡ್ರಮ್ಮಿನ ಮುಚ್ಚಳದ ಹತ್ರ ಹೊಗಿ ಸರಕ್ ಅಂತ ಒಳಗ ಹೋತು.

"ನೋಡ್ರಿ, ಇಲ್ಲಿ ಸೂಜಿ ಮೊನಿಯಷ್ಟು ಗಾಳಿ ಹೊಕ್ಕರೂ ಬಿದ್ದ ಪುಡಿ ಎದ್ದು ಹೋಗತೈತಿ," ಅಂದ್ರು. ಸೈಕಲ್ ಟ್ಯೂಬ್ ಸೀಳಿ ಮುಚ್ಚಳಕ್ಕ ಸುತ್ತಿ ತಂತಿಲೆ ಬಿಗದ್ವಿ. ಪ್ಲಾಸ್ಟಿಕ್ ಪೈಪು ಮುಟ್ಟಿದ್ರ ಕರೆಂಟ್ ಚಟ್ ಅಂತ ಹೊಡಿತಿತ್ತು. ಒಳಗಿಂದ ತಾಮ್ರದ ತಂತಿ ಹಾಯಿಸಿ ನೆಲಕ್ಕ ಕೊಟ್ವಿ. ಬ್ಲೇಡಿನ ಮ್ಯಾಲೆ ಹಾರೂ ಪುಡಿಗೆ ಎಣ್ಣಿ ಕ್ಯಾನ್ ಕತ್ತರಿಸಿ ಟೊಪಿಗಿ ಮಾಡಿ, ಅದಕ್ಕೂ ಒಂದು ಸಣ್ಣ ಪೈಪು ಕೊಟ್ಟೆ. ಗ್ವಾಡಿ ಮ್ಯಾಲಿನ ಸಂದು ಇಟ್ಟಂಗಿ ಇಟ್ಟು ಗಿಲಾವ್ ಮಾಡಿ ಮುಚ್ಚಿಸಿದೆ.

ಅವತ್ತ ಮಧ್ಯಾಹ್ನ ತಾಟು ನೋಡಿದ್ರ ನನ್ನ ಮುಖ ಕಾಣತಿತ್ತು. ಹಂಗ ಎತ್ಕೊಂಡು ಅಕ್ಕನ ಮುಂದ ಹಿಡದೆ.

"ನೋಡ ಯಕ್ಕಾ, ಕನ್ನಡಿ!"

"ಶಾಣ್ಯಾ ಅದಿ ಬಿಡು," ಅಂದ್ಲು. ತಾಟಿನಾಗ ತನ್ನ ಮುಖಾನೂ ನೋಡ್ಕೊಂಡ್ಲು. ಖುಷಿ ಎಷ್ಟಿತ್ತು ಅಂದ್ರ, ಸಂಜಿಕ ಹಿತ್ತಲದ ಚೀಲ ಝಾಡಿಸಿ, ಅದರಾಗಿನ ಮೈದಾದಂಥ ಪುಡೀನೆಲ್ಲಾ ಹೊಸಾ ಚೀಲಕ್ಕ ತುಂಬಿ ಅಕ್ಕನ ಬಾಗಲಕ್ಕ ಇಳಿಸಿದೆ. ಡ್ರಮ್ಮಿನ ದಪ್ಪಂದು ಇಟ್ಟಂಗಿ ಭಟ್ಟಿಯವ್ರಿಗೆ, ಸಣ್ಣಂದು ಅಕ್ಕಗ. ಹೊರಗ ತೂರಿ ಹೋಗತಿದ್ದ ಪುಡಿ, ಈಗ ಒಂದು ಕಾಳೂ ಹಾಳಾಗಲಾರ್ದ ಆಕಿಗೇ ಸಿಗಾಕ ಹತ್ತಿತ್ತು.

ತಾಟು ಸ್ವಚ್ಛ, ಅಕ್ಕ ಮಾತ್ರ ದಿನದಿಂದ ದಿನಕ್ಕ ಇಳದ್ಲು. ಕೊಡ ಎತ್ತೂದು ಬಿಟ್ಲು. ಆಮ್ಯಾಲೆ ನಿಂದ್ರೂದು ಬಿಟ್ಟು ಕಟ್ಟಿಗಿ ಮಣಿ ಮ್ಯಾಲೆ ಕುಂತು ರೊಟ್ಟಿ ಬಡಿಯಾಕ ಹತ್ತಿದ್ಲು. ಆಮ್ಯಾಲೆ ಅದೂ ಆಗಲಾರ್ದ ಇಬ್ಬರು ಹೆಣಮಕ್ಕಳನ್ನ ಇಟ್ಕೊಂಡ್ಲು. ನಾ ಗ್ವಾಡಿಗೆ ಕಿವಿ ಹಚ್ಚಿದ್ರ ಕೇಳಸ್ತಿದ್ದದ್ದು ಬ್ಯಾರೆಯವ್ರ ತಾಳ, ನಡುನಡುವ ಅಕ್ಕನ ಕೆಮ್ಮು. ತಲಿ ಕೆಟ್ಟು ಹೋತು ನಂದು. ಮತ್ತ ಊದಿನಕಡ್ಡಿ ಹಿಡಕೊಂಡು ಎಲ್ಲಾ ಜಾಯಿಂಟು ನೋಡಿದೆ. ತಾಟು ಒಂದರ ಬದ್ಲಿ ಮೂರು ಇಟ್ಟೆ. ಮೂರೂ ಕನ್ನಡಿ. ನನ್ನ ಹೇಂತಿ "ನಿಮಗ ಹುಚ್ಚು ಹಿಡದೈತಿ" ಅಂದ್ಲು. ಆಕಿ ಸುಳ್ಳು ಹೇಳಿದ್ದಿಲ್ಲ.

ಕೊಪ್ಪಳದ ದವಾಖಾನಿಗೆ ಕರಕೊಂಡು ಹೋದೆ. ಡಾಕ್ಟರು ಎದಿ ಫೋಟೋ ತಗಿಸಿ ಭಾಳ ಹೊತ್ತು ನೋಡಿದ್ರು. "ಅಡಗಿ ಯಾವುದರ ಮ್ಯಾಲೆ ಮಾಡ್ತೀರಮ್ಮಾ?" ಅಂದ್ರು.

"ಹೊಟ್ಟಿನ ಒಲಿ ರೀ. ಹೊಗಿ ಬರೂದ ಇಲ್ರಿ," ಅಂತ ನಾ ಬಾಯಿ ತಗಿಯೂದ್ರಾಗ ಅಕ್ಕ ಹೇಳಿ ಮುಗಿಸಿದ್ಲು.

"ಪುಡಿ, ಧೂಳು ಏನರ?"

"ನಮ್ಮ ತಮ್ಮ ಎಲ್ಲಾ ಬಂದ್ ಮಾಡ್ಯಾನ್ರಿ. ಭಾಳ ಶಾಣ್ಯಾ ಅದಾನ."

ಉಸಿರಿಗೆ ಎಳಕೊಳ್ಳೂ ಪಂಪು ಬರದು ಕೊಟ್ರು. ಧೂಳಿನ ಹತ್ರ ಸುಳೀಬ್ಯಾಡ್ರಿ ಅಂದ್ರು. ತಿರುಗಿ ಬರೂ ಮುಂದ ಬಸ್ಸಿನ್ಯಾಗ ಅಕ್ಕ ನನ್ನ ಭುಜಕ್ಕ ತಲಿ ಹಚ್ಚಿ ಮಲಗಿದ್ಲು. ಒಂದೊಂದ ಉಸಿರಿಗೂ ಆಕಿ ಹೆಗಲ ಏಳತಿತ್ತು, ಇಳಿತಿತ್ತು. ಗಂಗಾವತಿ ಬರೂತನಕ ಎಣಿಸಿಕೋತ ಕುಂತೆ. ಈ ಜೀವ ಹೋದ್ರ ನನ್ನ ಗರಗಸದಿಂದ ಹೋಗತೈತಿ ಅನ್ನೂದೊಂದ ತಲ್ಯಾಗ.

ಮರುದಿನ ಮಷೀನಿನ ವೈರ್ ಕಿತ್ತು ಸುತ್ತಿ ಇಟ್ಟೆ. ಆರು ಕಪಾಟು ಅರ್ಧಕ್ಕ ನಿಂತಿದ್ವು. ಗೆಸ್ಟ್‌ಹೌಸಿನವ್ರು ಬಂದು ಬಾಯಿಗೆ ಬಂದಂಗ ಬೈದು ಹೋದ್ರು. ಬೈಲಿ. ಐದು ದಿನ ನನ್ನ ಶೆಡ್ಡಿನ್ಯಾಗ ಒಂದು ಕಡ್ಡಿ ಸೈತ ಕೊಯ್ಯಲಿಲ್ಲ. ಐದನೇ ದಿನಾನೂ ಅಕ್ಕನ ಕೆಮ್ಮು ಹಂಗ ಇತ್ತು. ಆಗ ಒಂದು ಮಾತು ಮನಸಿನ್ಯಾಗ ಬಂತು, ಹೇಳಾಕ ನಾಚಿಕಿ ಆಗತೈತಿ. ಹಂಗಾರ ನನ್ನ ಪುಡಿ ಅಲ್ಲ, ನಂದೇನು ತಪ್ಪಿಲ್ಲ, ಅನ್ನಿಸ್ತು. ಅಕ್ಕ ಉಸಿರಿಗೆ ಒದ್ದಾಡಾಕ ಹತ್ತ್ಯಾಳ, ನನ್ನ ಎದಿ ಹಗರ ಆತು! ಎಂಥಾ ಹಲ್ಕಟ್ ಮನಿಷ್ಯಾ ಇರಬೇಕು ನಾ.

ಆರನೇ ದಿನ ನಸಿಕಿನ್ಯಾಗ ಎಚ್ಚರ ಆತು. ತಾಟಿಡಾಕ ದಿನಾ ನಾ ಹೋಗತಿದ್ದದ್ದು ಬಿಸಲು ಬಿದ್ದ ಮ್ಯಾಲೆ. ಅವತ್ತ ಜಲ್ದಿ ಹೋದೆ. ಖಾನಾವಳ್ಯಾಗ ಯಾರೂ ಇದ್ದಿಲ್ಲ. ಹಿಂದಿನ ಜ್ವಾಳದ ಖೋಲಿ ಬಾಗಲಾ ಮುಚ್ಚಿತ್ತು, ಒಳಗಿಂದ ಡಬ್ ಡಬ್ ಸಪ್ಪಳ. ಬಾಗಲಾ ದೂಡಿದೆ.

ಒಳಗ ಮಂಜು ಕವಿದಂಗ ಇತ್ತು. ಒಂದು ಬಲ್ಬಿನ ಬೆಳಕಿನ್ಯಾಗ ಅಕ್ಕ ಡಬ್ಬಿ ಮ್ಯಾಲೆ ಬಗ್ಗಿ, ಡಬ್ಬಿ ಒಳಗ ಮುಖ ಇಟ್ಟು, ಮುಷ್ಟಿಲೆ ಪುಡಿ ಬಡಿಯಾಕ ಹತ್ತಿದ್ಲು. ಬಡದಷ್ಟೂ ಬಿಸ್ಕೀಟ್ ಬಣ್ಣದ ಹಿಟ್ಟು ಎದ್ದು ಆಕಿ ಮಾರಿಗೆ ಹೊಡಿತಿತ್ತು. ಹುಬ್ಬು, ಮೂಗು, ಬೈತಲಿ, ಎಲ್ಲಾ ಅದ. ಬಾಜೂಕ ಇನ್ನ ಮೂರು ಒಲಿ ತುಂಬೂದು ಬಾಕಿ ಇದ್ವು. ನಾ ತಂದಿಟ್ಟ ಚೀಲ ಬಾಯಿ ತಗದು ನಿಂತಿತ್ತು.

"ಬಾಗಲಾ ಹಾಕು, ಗಾಳಿಗೆ ಹಾರತೈತಿ," ಅಂದ್ಲು ಅಕ್ಕ, ನಾ ಯಾರು ಅಂತ ನೋಡಲಾರ್ದ.

ನನ್ನ ಕೈಯಾಗಿನ ತಾಟು ಕೆಳಗ ಬಿತ್ತು. ಒಂದು ವರ್ಷ ಗ್ವಾಡಿ ಮ್ಯಾಲಿಂದ ಹೋಗೂ ಪುಡೀನ ಹಿಡದು ಹಿಡದು, ಅದರಾಗಿಂದ ಸಣ್ಣಂದನ್ನ ಆರಿಸಿ ಆರಿಸಿ, ನಾನ ಹೊತ್ತು ತಂದು ಆಕಿ ಮೂಗಿಗೆ ಸುರುವಿದ್ದೆ. ಮಷೀನ್ ಬಂದ್ ಮಾಡಿದ್ರೇನಾತು, ಆಕಿ ಖೋಲ್ಯಾಗ ಇನ್ನ ಎಂಟು ಚೀಲ ಇದ್ವು. ಸೈಕ್ಲೋನ್ ಎಷ್ಟು ಛಲೋ ಕೆಲಸ ಮಾಡಿತ್ತೋ ಆಕಿ ಅಷ್ಟು ಜಲ್ದಿ ಸಾಯಾಕ ಹತ್ತಿದ್ಲು.

ರಟ್ಟಿ ಹಿಡದು ಆಕೀನ ಹೊರಗ ಕೂಡಿಸಿದೆ. ಎಂಟೂ ಚೀಲ ಒಂದೊಂದ ಎಳದು ಹಿತ್ತಲದ ಕುಣಿಗೆ ಒಯ್ದು, ನೀರು ಬಿಟ್ಟು, ಮಣ್ಣು ಎಳದೆ. ಅಳಕೋತ ಎಳದೆ, ಬೈಕೋತ ಎಳದೆ. ಅಕ್ಕ ಮೊದ್ಲ ಹೋ ಹೋ ಅಂದ್ಲು, ಆಮ್ಯಾಲೆ ಉಸಿರು ಸಾಲಲಾರ್ದ ಸುಮ್ಮನ ಕುಂತ್ಲು. ಎಲ್ಲಾ ಮುಗಿಸಿ ಆಕಿ ಮುಂದ ಬಂದು ನಿಂತೆ.

"ಇವತ್ತಿನಿಂದ ನನ್ನ ಶೆಡ್ಡಿಂದ ಒಂದು ಹಿಡಿ ಪುಡಿ ಈ ಕಡೆ ಬರೂದಿಲ್ಲ. ಗ್ಯಾಸಿನ ಒಲಿ ತರ್ತೀನಿ."

"ನನಗ ಬ್ಯಾಡ ನಿನ್ನ ಗ್ಯಾಸು."

"ಯಕ್ಕಾ, ನಿನಗ ಗೊತ್ತಿದ್ದಿಲ್ಲೇನು? ತುಂಬೂ ಮುಂದ ಕೆಮ್ಮು ಬರ್ತಿದ್ದದ್ದು ಗೊತ್ತಾಗಿಲ್ಲೇನು ನಿನಗ?"

ಅಕ್ಕ ಸೆರಗಿಲೆ ಮಾರಿ ಒರಸಿಕೊಂಡ್ಲು. "ಗೊತ್ತಿತ್ತು," ಅಂದ್ಲು.

"ಯಾವಾಗಿಂದ?"

"ಆ ಬೋರ್ಡಿನ ಪುಡಿ ಬಂದಾಗಿಂದ."

"ಮತ್ತ ಡಾಕ್ಟರ್ ಮುಂದ ಯಾಕ ಹೇಳಲಿಲ್ಲ? ನನ್ನ ಮುಂದರ ಯಾಕ ಹೇಳಲಿಲ್ಲ? ಬ್ಯಾಡ ಅನ್ನಾಕ ಏನಾಗಿತ್ತು ನಿನಗ, ಸೀರಿ ಬ್ಯಾಡ ಅಂತಿದ್ದಿಲ್ಲೇನು?"

ಅಕ್ಕ ಪಂಪು ತಗದು ಒಂದು ಸಲ ಎಳಕೊಂಡ್ಲು. ಉಸಿರು ಹತ್ತೂತನಕ ಕಾದ್ಲು. ಆಮ್ಯಾಲೆ ಸಣ್ಣ ದನಿಲೆ ಅಂದ್ಲು, "ಸೀರಿ ವರ್ಷಕ್ಕೊಂದು ಸಲ ತರಾಂವ. ಪುಡಿ ದಿನಾ ತರತಿದ್ದಿ. ಪುಡಿ ಬ್ಯಾಡ ಅಂದಿದ್ರ, ಈ ಗ್ವಾಡಿ ಆಚಿಂದ ಈಚಿಗೆ ನೀ ಯಾತಕ್ಕ ಬರಾಂವ?"

ನೆನಸಿಕೊಂಡ್ರ ಖರೇನ ಇತ್ತು. ಒಂದ ಶೆಡ್ಡಿನ್ಯಾಗ ಇದ್ದೂ ವರ್ಷಾನುಗಟ್ಲೆ ನಾ ಆಕಿ ಬಾಗಲಕ್ಕ ಹೋಗಿದ್ದು ಚೀಲ ಇಳಸಾಕ. ಇಳಿಸಿ, "ಬರ್ಲ್ಯಾ" ಅಂತ ಹೊಳ್ಳಿ ಬರತಿದ್ದೆ. ಆಮ್ಯಾಲೆ ಹೋಗಿದ್ದು ತಾಟು ನೋಡಾಕ.

ಗ್ಯಾಸ್ ಒಲಿ ತಂದೆ. ಕಪಾಟು ಮುಗಿಸಿ ಕೊಟ್ಟೆ. ಚೀಲದ ಪುಡಿ ಈಗೂ ಕುಣ್ಯಾಗ ನೀರು ಹಾಕಿ ಮುಚ್ಚತೀನಿ, ಯಾರು ಕೇಳಿದ್ರೂ ಕೊಡೂದಿಲ್ಲ. ಮತ್ತ ಕೊಪ್ಪಳಕ್ಕ ಹೋಗಿ ಡಾಕ್ಟರ ಮುಂದ ಎಲ್ಲಾ ಬಿಚ್ಚಿ ಹೇಳಿದೆ. ಇನ್ನ ಮುಂದ ಕೆಡಲಾರ್ದಂಗ ನೋಡ್ಕೊಬಹುದು, ಹೋದ ಉಸಿರು ತಿರುಗಿ ಬರೂದಿಲ್ಲ ಅಂದ್ರು. ಅಕ್ಕ ಆಮ್ಯಾಲೆ ರೊಟ್ಟಿ ಬಡೀಲಿಲ್ಲ. ಬಾಗಲದಾಗ ಕುರ್ಚಿ ಹಾಕ್ಕೊಂಡು ಬಡಿಯೂ ಹೆಣಮಕ್ಕಳಿಗೆ ಬೈಕೋತ ಇರ್ತಾಳ, ಅದೂ ಎರಡು ಮಾತಿಗೊಮ್ಮೆ ನಿಂತು.

ಕುಣಿ ಮುಚ್ಚಿದ ಮರುದಿನ ಸಂಜಿಕ ಕೈ ಕಾಲು ತೊಳಕೊಂಡು ಗ್ವಾಡಿ ಸುತ್ತಿ ಹೋದೆ. ಹೆಗಲ ಮ್ಯಾಲೆ ಚೀಲ ಇದ್ದಿಲ್ಲ, ಕೈಯಾಗ ತಾಟು ಇದ್ದಿಲ್ಲ. ಎರಡೂ ಕೈ ಎಲ್ಲಿ ಇಡಬೇಕು ತಿಳೀಲಿಲ್ಲ ನನಗ. ಅಕ್ಕ ನನ್ನ ಕೈ ನೋಡಿದ್ಲು.

"ಏನ ಬರಿಗೈಲೆ ಬಂದಿ?"

"ಹ್ಞೂಂ. ಸುಮ್ನ ಬಂದೆ."

ಅಕ್ಕ ತನ್ನ ಬಾಜೂಕಿನ ಮಣಿ ಕಾಲಿಲೆ ಸರಿಸಿದ್ಲು. "ಕುಂದ್ರು ಹಂಗಾರ," ಅಂದ್ಲು.